ಟ್ಯೂಡರ್ ಕಾಲದ ಮರದ ಮನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿಗೆ ಬರುವ ನೆಂಟರನ್ನು ಸ್ಟ್ರಾಟ್‌ಫರ್ಡ್‌ಗೋ ಚೆಸ್ಟರ್‌ಗೋ ಕರೆದುಕೊಂಡು ಹೋದಾಗಲೆಲ್ಲ ಅವೇ ಪ್ರಶ್ನೆಗಳು ಎದುರಾಗುತ್ತವೆ. ಕಪ್ಪು ಮರ, ಬಿಳಿ ಗೋಡೆ, ಬೀದಿಯ ಮೇಲೆ ವಾಲಿದ ಮಾಳಿಗೆ. ಫೋಟೋ ತೆಗೆದದ್ದಾದ ಮೇಲೆ ಒಬ್ಬರಲ್ಲ ಒಬ್ಬರು ಶುರು ಮಾಡುತ್ತಾರೆ. ಮೊದಮೊದಲು ಬಾಯಿಗೆ ಬಂದ ಉತ್ತರ ಕೊಟ್ಟು ಪಾರಾಗುತ್ತಿದ್ದೆ. ಅದರಲ್ಲಿ ಅರ್ಧಕ್ಕರ್ಧ ತಪ್ಪು ಅಂತ ಆಮೇಲೆ ಗೊತ್ತಾಯಿತು. ಈ ಪುಟ ಆ ತಪ್ಪುಗಳಿಗೆ ಪ್ರಾಯಶ್ಚಿತ್ತ.

ಟ್ಯೂಡರ್ ಅಂದರೆ ಯಾವ ಕಾಲ?

ಅದು ರಾಜಮನೆತನದ ಹೆಸರು. 1485ರಲ್ಲಿ ಬಾಸ್ವರ್ತ್ ಕಾಳಗದಲ್ಲಿ ಮೂರನೇ ರಿಚರ್ಡ್ ಬಿದ್ದು ಏಳನೇ ಹೆನ್ರಿ ಪಟ್ಟಕ್ಕೇರಿದಲ್ಲಿಂದ, 1603ರಲ್ಲಿ ಒಂದನೇ ಎಲಿಜಬೆತ್ ತೀರಿಕೊಂಡಲ್ಲಿಯವರೆಗೆ. ಆದರೆ ಬಡಗಿಗಳು ಅರಮನೆಯ ಪಂಚಾಂಗ ನೋಡಿಕೊಂಡು ಕೆಲಸ ಮಾಡಲಿಲ್ಲ. ಇದೇ ಬಗೆಯ ಮನೆಗಳನ್ನು ಅದಕ್ಕೂ ನೂರಿನ್ನೂರು ವರ್ಷ ಮೊದಲೇ ಕಟ್ಟುತ್ತಿದ್ದರು, ಆಮೇಲೆಯೂ ಕಟ್ಟಿದರು. ಜನ ಟ್ಯೂಡರ್ ಎಂದು ಬೆರಳು ಮಾಡಿ ತೋರಿಸುವ ಲಡ್ಲೋ ಊರಿನ ಫೆದರ್ಸ್ ಹೋಟೆಲು 1619ರದು, ಚೆಸ್ಟರಿನ ಬಿಷಪ್ ಲಾಯ್ಡ್ ಮನೆ 1615ರ ಆಸುಪಾಸಿನದು. ಎರಡೂ ಟ್ಯೂಡರ್ ವಂಶ ಮುಗಿದ ಮೇಲಿನವು. ಯಾರಾದರೂ ಟ್ಯೂಡರ್ ಅಂದರೆ ತಿದ್ದಲು ಹೋಗಬೇಡಿ, ಮಾತಿನ ರೂಢಿ ಹಾಗೆಯೇ ಇದೆ.

ಗೋಡೆಯ ಮೇಲಿನ ಮರ ಅಲಂಕಾರಕ್ಕೆ ಹಾಕಿದ್ದೇ?

ಅಲ್ಲ, ಅದೇ ಮನೆ. ನಮಗೆ ಗೋಡೆ ಅಂದರೆ ಭಾರ ಹೊರುವುದು, ಕಿಟಕಿ ಬಾಗಿಲು ಅದರೊಳಗೆ ಕೂರಿಸುವುದು. ಇಲ್ಲಿ ಲೆಕ್ಕ ತಿರುಗಾಮುರುಗಾ. ಮೊದಲು ಕಂಬ, ತೊಲೆ, ಜಂತಿ, ಓರೆ ಆಸರೆಗಳ ಒಂದು ಹಂದರ ಎಬ್ಬಿಸುತ್ತಾರೆ. ಮಾಡು, ಮಾಳಿಗೆ, ಜನ, ಪಾತ್ರೆ ಪಡಗ ಎಲ್ಲದರ ಭಾರ ಆ ಹಂದರದ ಮೇಲೆ. ನಡುವಿನ ಖಾಲಿ ಚೌಕಗಳಿಗೆ ಏನು ತುಂಬಿದರೂ ಆಯಿತು, ಗಾಳಿ ಮಳೆ ತಡೆದರೆ ಸಾಕು. ತುಂಬಿದ್ದನ್ನೆಲ್ಲ ಕೆಡವಿ ತೆಗೆದರೂ ಮನೆ ನಿಂತೇ ಇರುತ್ತದೆ.

ಹಂದರದಲ್ಲಿ ಎರಡು ಮುಖ್ಯ ಬಗೆ. ಒಂದು ಪೆಟ್ಟಿಗೆಯಂಥದ್ದು: ನೆಟ್ಟಗಿನ ಕಂಬ, ಅಡ್ಡ ತೊಲೆ. ಇನ್ನೊಂದಕ್ಕೆ ಕ್ರಕ್ ಅನ್ನುತ್ತಾರೆ. ಬಾಗಿದ ಮರವನ್ನು ಉದ್ದಕ್ಕೆ ಎರಡಾಗಿ ಸೀಳಿ, ಎರಡು ಹೋಳನ್ನೂ ನೆಲದಿಂದ ನೆತ್ತಿಯವರೆಗೆ ಕೈಮುಗಿದ ಹಾಗೆ ಒರಗಿಸಿ ನಿಲ್ಲಿಸುವುದು. ಕ್ರಕ್ ಮನೆಗಳು ಪಶ್ಚಿಮ, ಉತ್ತರದ ಕಡೆ ಹೆಚ್ಚು. ಲಂಡನ್ನಿನಿಂದ ಪೂರ್ವಕ್ಕೆ ಹೋದರೆ ಹುಡುಕಿದರೂ ಸಿಗುವುದಿಲ್ಲ ಅನ್ನಬಹುದು.

ಮೇಲೆ ಹೇಳಿದ್ದಕ್ಕೆ ಒಂದು ತಕರಾರು ನಾನೇ ಸೇರಿಸುತ್ತೇನೆ. ಪೂರ್ವದ ಸಫೊಕ್, ಎಸೆಕ್ಸ್ ಕಡೆ ಗೇಣಿಗೊಂದರಂತೆ ಒತ್ತೊತ್ತಾಗಿ ನಿಲ್ಲಿಸಿದ ಕಂಬಗಳು ಕಾಣುತ್ತವೆ. ಭಾರ ಹೊರಲು ಅಷ್ಟೆಲ್ಲ ಬೇಕಿರಲಿಲ್ಲ. 'ನನ್ನ ಹತ್ತಿರ ಮರ ಕೊಳ್ಳಲು ಕಾಸಿದೆ' ಎಂದು ಬೀದಿಗೆ ಸಾರುವುದಕ್ಕೆ ಅದು. ಪಶ್ಚಿಮದವರು ದೊಡ್ಡ ಚೌಕಗಳನ್ನು ಬಿಟ್ಟು, ಅವುಗಳೊಳಗೆ ಬಾಗಿದ ಮರದ ತುಂಡುಗಳಿಂದ ಹೂವು, ನಕ್ಷತ್ರ ಜೋಡಿಸಿ ಅದೇ ಮಾತನ್ನು ಹೇಳಿದರು.

ಬಿಳಿ ಭಾಗದ ಒಳಗೆ ಏನಿದೆ?

ಮಣ್ಣು, ಹುಲ್ಲು, ಸಗಣಿ. ಚೌಕದ ಮೇಲುಕೆಳಗಿನ ತೊಲೆಗಳ ನಡುವೆ ಓಕ್ ಕಡ್ಡಿಗಳನ್ನು ನೆಟ್ಟಗೆ ಸಿಕ್ಕಿಸಿ, ಹೇಜಲ್ ಗಿಡದ ಬಳುಕುವ ಕೋಲುಗಳನ್ನು ಬುಟ್ಟಿ ಹೆಣೆದ ಹಾಗೆ ಹೆಣೆಯುತ್ತಾರೆ. ಎರಡೂ ಕಡೆಯಿಂದ ಕೆಸರು ಮೆತ್ತಿ, ಒಣಗಿದ ಮೇಲೆ ಸುಣ್ಣ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ತಡಿಕೆ ಗೋಡೆ. ಮ್ಯೂಸಿಯಂ ಮಾಡಿದ ಮನೆಗಳಲ್ಲಿ ಒಂದು ಚೌಕದ ಗಿಲಾವು ತೆಗೆದು ಒಳಗಿನ ಹೆಣಿಗೆ ಕಾಣುವ ಹಾಗೆ ಬಿಟ್ಟಿರುವುದುಂಟು. ಅಂಥದ್ದೊಂದರ ಮುಂದೆ ನಿಂತು ನಮ್ಮತ್ತೆ, "ಇದನ್ನ ನೋಡಕ್ಕೆ ಇಷ್ಟು ದುಡ್ಡು ಕೊಟ್ಟು ಟಿಕೆಟ್ ತಗೊಂಡ್ಯಾ? ನಮ್ಮಜ್ಜಿ ಮನೆ ಕೊಟ್ಟಿಗೆ ಹೀಗೇ ಇತ್ತು" ಅಂದರು. ಅವರ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ.

ಕೆಲವು ಮನೆಗಳಲ್ಲಿ ಚೌಕದೊಳಗೆ ಇಟ್ಟಿಗೆ ಕಾಣುತ್ತದೆ. ಹಳೆಯ ತಡಿಕೆ ಉದುರಿದ ಮೇಲೆ ತುಂಬಿದ್ದೇ ಹೆಚ್ಚು. ಇಟ್ಟಿಗೆ ಭಾರ ಜಾಸ್ತಿ, ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮರದ ಹಂದರಕ್ಕೆ ಅದರಿಂದ ಉಪಕಾರವಾಗಿದ್ದು ಕಡಿಮೆ.

ಮೊಳೆಯಿಲ್ಲದೆ ಹೇಗೆ ಕಟ್ಟಿದರು?

ಒಂದು ತೊಲೆಯಲ್ಲಿ ಉಳಿಯಿಂದ ಗುಳಿ ಕೊರೆಯುವುದು, ಇನ್ನೊಂದರ ತುದಿಯನ್ನು ನಾಲಿಗೆಯಂತೆ ಕೆತ್ತಿ ಅದರೊಳಗೆ ತೂರಿಸುವುದು, ಎರಡನ್ನೂ ಹಾಯುವ ಹಾಗೆ ಮರದ ಗೂಟ ಬಡಿಯುವುದು. ಬಡಗಿಯ ಜಾಣತನ ಇರುವುದು ಗೂಟದ ತೂತಿನಲ್ಲಿ. ಗುಳಿಯ ಪಕ್ಕದಲ್ಲಿ ಕೊರೆದ ತೂತಿಗೂ ನಾಲಿಗೆಯಲ್ಲಿ ಕೊರೆದ ತೂತಿಗೂ ಬೇಕೆಂದೇ ಕೂದಲೆಳೆಯಷ್ಟು ವ್ಯತ್ಯಾಸ ಇಡುತ್ತಾನೆ. ಮೊನಚು ಗೂಟವನ್ನು ಬಡಿಯುತ್ತ ಹೋದಂತೆ ಅದು ಎರಡು ತೂತುಗಳನ್ನೂ ಒಂದೇ ಗೆರೆಗೆ ತರಲು ಎಳೆದಾಡುತ್ತದೆ. ಆ ಎಳೆತಕ್ಕೆ ನಾಲಿಗೆ ಗುಳಿಯೊಳಗೆ ಬಿಗಿಯಾಗಿ ಕೂರುತ್ತದೆ. ಐನೂರು ವರ್ಷದ ಮೇಲೂ ಅಲ್ಲಾಡದ ಸಂಧಿಗಳು ಹೀಗೆ ಕೂತವು.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಹಂದರ ಮೊದಲು ಎದ್ದದ್ದು ಮನೆಯ ಜಾಗದಲ್ಲಲ್ಲ, ಬಡಗಿಯ ಅಂಗಳದಲ್ಲಿ. ಅಲ್ಲಿ ತೊಲೆಗಳನ್ನು ನೆಲದ ಮೇಲೆ ಮಲಗಿಸಿ, ಗೋಡೆಗೊಂದು ಗೋಡೆಯಂತೆ ಜೋಡಿಸಿ ನೋಡಿ, ಸಂಧಿಗೊಂದು ಗುರುತು ಕೆತ್ತಿ, ಮತ್ತೆ ಬಿಚ್ಚಿ ಗಾಡಿಯಲ್ಲಿ ಹೇರಿಕೊಂಡು ಬರುತ್ತಿದ್ದರು. ಆ ಗುರುತುಗಳು ಇಂದಿಗೂ ಕಾಣುತ್ತವೆ. ಉಳಿಗೆ ನೆಟ್ಟಗಿನ ಗೀಟು ಸುಲಭ, ಆದ್ದರಿಂದ ರೋಮನ್ ಅಂಕಿ. ಆದರೆ ನಾಲ್ಕಕ್ಕೆ ನಾಲ್ಕು ಗೀಟೇ ಎಳೆಯುವುದು ಅವರ ಪದ್ಧತಿ. ಐದರ ಹಿಂದೆ ಒಂದು ಗೀಟು ಹಾಕಿ ನಾಲ್ಕು ಬರೆದರೆ, ತೊಲೆ ತಲೆಕೆಳಗಾಗಿ ಬಿದ್ದಿದ್ದಾಗ ಆರು ಅಂತ ಓದಿ ಎಡವಟ್ಟಾಗುವುದು ಖಂಡಿತ.

ಲಂಡನ್ ಸೇತುವೆಯ ಮೇಲೆ 1577ರಿಂದ 1579ರ ನಡುವೆ ಎದ್ದ ನಾನ್‌ಸಚ್ ಹೌಸ್ ಇದರ ಅತಿರೇಕ. ಅದರ ಭಾಗಗಳನ್ನು ನೆದರ್ಲೆಂಡ್ಸ್‌ನಲ್ಲಿ ತಯಾರಿಸಿ, ಹಡಗಿನಲ್ಲಿ ತಂದು, ಬರೀ ಮರದ ಗೂಟಗಳಿಂದ ಜೋಡಿಸಿದರು. ಬಿಡಿಭಾಗ ಡಬ್ಬದಲ್ಲಿ ತಂದು ಮನೆಯಲ್ಲಿ ಕಪಾಟು ಜೋಡಿಸಿಕೊಳ್ಳುವ ನಮ್ಮ ಕಾಲಕ್ಕೆ ಇದು ಹೊಸದೇನೂ ಅನಿಸಬಾರದು.

ಮನೆಗಳು ಇಷ್ಟು ಸೊಟ್ಟಗೆ ಯಾಕಿವೆ?

ಹಸಿ ಮರದಲ್ಲಿ ಕಟ್ಟಿದ್ದರಿಂದ. ನಮ್ಮ ಆಚಾರಿಗಳಿಗೆ ಹೇಳಿದರೆ ಬೈದಾರು; ಸಾಗುವಾನಿಯನ್ನು ವರ್ಷಗಟ್ಟಲೆ ಒಣಗಿಸದೆ ಅವರು ಉಳಿ ಇಡುವುದಿಲ್ಲ. ಓಕ್ ಮರದ ಸ್ವಭಾವ ಬೇರೆ. ಹಸಿ ಇದ್ದಾಗ ಉಳಿಗೆ ಸಲೀಸಾಗಿ ಬಗ್ಗುತ್ತದೆ, ಒಣಗಿದ ಮೇಲೆ ಉಳಿಯ ಮೊನೆಯನ್ನೇ ಮುರಿಯುತ್ತದೆ. ದಪ್ಪ ತೊಲೆ ಒಳಗಿನತನಕ ಒಣಗಲು ಎಷ್ಟೋ ವರ್ಷ ಬೇಕು, ಅಲ್ಲಿಯವರೆಗೆ ಯಾರು ಕಾಯುತ್ತಾರೆ? ಹಸಿಯಲ್ಲೇ ಕಟ್ಟಿ, ಮನೆಯಲ್ಲಿ ಸಂಸಾರ ಹೂಡಿದ ಮೇಲೆ ಮರ ತನ್ನ ಪಾಡಿಗೆ ಒಣಗುತ್ತಿತ್ತು. ಒಣಗುವಾಗ ಅಡ್ಡಕ್ಕೆ ಕುಗ್ಗುತ್ತದೆ, ತಿರುಚಿಕೊಳ್ಳುತ್ತದೆ, ಬಾಗುತ್ತದೆ. ಗೂಟಗಳು ಬಿಗಿಯಾಗುತ್ತವೆ. ಹಂದರ ಮುರಿಯದೆ ಇಡಿಯಾಗಿ ಸೊಟ್ಟಗಾಗುತ್ತದೆ.

ಅಂದರೆ ನಾವು ಹಳತಾಗಿ ಕುಸಿದಿದೆ ಅಂದುಕೊಳ್ಳುವ ವಾಲಿಕೆಯಲ್ಲಿ ಬಹುಪಾಲು, ಕಟ್ಟಿದ ಮೊದಲ ಕೆಲವು ದಶಕಗಳಲ್ಲೇ ಆದದ್ದು. ಉಳಿದದ್ದಕ್ಕೆ ಬೇರೆ ಕಾರಣಗಳಿವೆ: ಯಾರೋ ಬಾಗಿಲು ಅಗಲ ಮಾಡಲು ಆಸರೆಯ ಮರ ಕತ್ತರಿಸಿದ್ದು, ಕೆಳಗಿನ ಅಡಿತೊಲೆ ಮಳೆನೀರಿಗೆ ಕೊಳೆತದ್ದು, ಹುಲ್ಲಿನ ಮಾಡಿನ ಬದಲು ಹೆಂಚಿನ ಭಾರ ಏರಿಸಿದ್ದು.

ಒಂದು ಮನೆಗೆ ಎಷ್ಟು ಮರ ಬೇಕಾಗಿತ್ತು?

ಕಾಡುಗಳ ಇತಿಹಾಸ ಬರೆದ ಆಲಿವರ್ ರಾಕಮ್ ಸಫೊಕ್‌ನ ಸ್ಟಾಂಟನ್‌ನಲ್ಲಿರುವ, 1500ರ ಸುಮಾರಿನ ಗ್ರಂಡಲ್ ಹೌಸ್ ಎಂಬ ಒಂದು ತೋಟದ ಮನೆಯನ್ನು ತೊಲೆ ತೊಲೆಯಾಗಿ ಎಣಿಸಿದರು. ಲೆಕ್ಕಕ್ಕೆ ಸಿಕ್ಕಿದ್ದು ಸುಮಾರು 330 ಮರ. ಹೆಮ್ಮರಗಳಲ್ಲ, ಅರ್ಧದಷ್ಟು 9 ಅಂಗುಲಕ್ಕಿಂತ ಸಣ್ಣವು. ಒಂದು ತೊಲೆಗೆ ಒಂದು ಮರ ಸರಿಹೋಗುವ ಹಾಗೆ ಆರಿಸಿ, ನಾಲ್ಕೂ ಕಡೆ ಕೊಡಲಿಯಲ್ಲಿ ಚೌಕ ಮಾಡಿದರೆ ಮುಗಿಯಿತು. ಹಾಗಾಗಿ ಮೂಲೆಯಲ್ಲಿ ತೊಗಟೆಯ ಉರುಟು ಇನ್ನೂ ಉಳಿದ ತೊಲೆಗಳು ಎಷ್ಟೋ ಕಡೆ ಕಾಣುತ್ತವೆ.

ಕಂಬಗಳನ್ನು ನೋಡುವಾಗ ಒಂದು ಗಮನಿಸಿ. ಮುಖ್ಯ ಕಂಬಗಳು ಮೇಲೆ ಹೋದಂತೆ ದಪ್ಪ. ಮರವನ್ನು ತಲೆಕೆಳಗು ನಿಲ್ಲಿಸಿದ್ದಾರೆ, ಬುಡ ಮೇಲೆ, ತಲೆ ಕೆಳಗೆ. ಸೂರಿನ ಹತ್ತಿರ ಮೂರು ನಾಲ್ಕು ತೊಲೆಗಳು ಒಂದೇ ಕಂಬಕ್ಕೆ ಬಂದು ಸೇರುತ್ತವೆ, ಅಷ್ಟು ಸಂಧಿ ಕೊರೆಯಲು ಅಲ್ಲಿ ಮಾಂಸ ಬೇಕು.

ಇವು ಹಳೆಯ ಹಡಗುಗಳ ಮರವಂತೆ, ನಿಜವೇ?

ಪಬ್ಬಿನ ಮಾಲೀಕರಿಗೆ ಬಹಳ ಇಷ್ಟವಾದ ಕಥೆ. ತೊಲೆಯಲ್ಲಿ ಏನೂ ಸೇರಿರದ ಖಾಲಿ ಗುಳಿಗಳನ್ನು ತೋರಿಸಿ 'ನೋಡಿ, ಸ್ಪೇನಿನ ಆರ್ಮಾಡಾ ನೌಕಾಪಡೆಯ ಹಡಗಿನದು' ಅನ್ನುತ್ತಾರೆ. ಆ ಗುಳಿಗಳು ಮರ ಎರಡನೇ ಸಲ ಬಳಕೆಯಾದದ್ದಕ್ಕೆ ಸಾಕ್ಷಿ ಹೌದು, ಆದರೆ ಮೊದಲ ಬಳಕೆ ಹೆಚ್ಚಾಗಿ ಇನ್ನೊಂದು ಮನೆಯಲ್ಲೋ ಕೊಟ್ಟಿಗೆಯಲ್ಲೋ ಆಗಿರುತ್ತದೆ. ಇಲ್ಲವೇ ಇದೇ ಮನೆಯಲ್ಲಿ ಆಮೇಲೆ ತೆಗೆದುಹಾಕಿದ ತಡಿಕೆಯ ಗುರುತು. ಸಮುದ್ರದಿಂದ ಅರವತ್ತು ಎಪ್ಪತ್ತು ಮೈಲಿ ಒಳಗಿನ ಹಳ್ಳಿಗೆ, ಕಬ್ಬಿಣದಂತೆ ಗಟ್ಟಿಯಾದ, ಸೊಟ್ಟಪಟ್ಟ ಹಡಗಿನ ಮರವನ್ನು ಎತ್ತಿನ ಗಾಡಿಯಲ್ಲಿ ಯಾರು ತರುತ್ತಾರೆ, ಹಿತ್ತಲಲ್ಲೇ ಓಕ್ ಕಾಡಿರುವಾಗ?

ಹಡಗಿನ ಮರದಿಂದ ನಿಜವಾಗಿ ಕಟ್ಟಿದ್ದು ನೋಡಬೇಕೆಂದರೆ ಲಂಡನ್ನಿನ ಲಿಬರ್ಟಿ ಅಂಗಡಿಗೆ ಹೋಗಿ. ಎಚ್‌ಎಂಎಸ್ ಇಂಪ್ರೆಗ್ನಬಲ್, ಎಚ್‌ಎಂಎಸ್ ಹಿಂದೂಸ್ತಾನ್ ಎಂಬ ಎರಡು ನೌಕೆಗಳನ್ನು ಒಡೆದು ಬಂದ ಮರ ಅದರಲ್ಲಿದೆ. ಆದರೆ ಆ ಕಟ್ಟಡ 1924ರದು, ಟ್ಯೂಡರ್ ವೇಷ ಮಾತ್ರ.

ಕಪ್ಪು ಬಿಳುಪು ಬಣ್ಣ ಮೊದಲಿನಿಂದಲೂ ಇತ್ತೇ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ. ಇವತ್ತು ಕಣ್ಣಿಗೆ ಹೊಡೆಯುವ ಆ ಡಾಂಬರು ಕಪ್ಪು, ಹಾಲು ಬಿಳುಪು ಬಹುಮಟ್ಟಿಗೆ 19ನೇ ಶತಮಾನದ ಅಭಿರುಚಿ. ಟ್ಯೂಡರ್ ಕಾಲದವರು ಓಕ್ ಮರವನ್ನು ಬಣ್ಣ ಬಳಿಯದೆ ಬಿಡುತ್ತಿದ್ದರು. ಬಿಸಿಲು ಮಳೆ ತಿಂದ ಓಕ್ ಬೂದಿ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಎಷ್ಟೋ ಕಡೆ ಮರ, ಗೋಡೆ ಭೇದವಿಲ್ಲದೆ ಎಲ್ಲಕ್ಕೂ ಸುಣ್ಣ ಬಳಿದುಬಿಡುತ್ತಿದ್ದರು. ಸುಣ್ಣಕ್ಕೆ ಕಾವಿಯನ್ನೋ ಹಳದಿ ಮಣ್ಣನ್ನೋ ಬೆರೆಸಿದ್ದೂ ಇದೆ.

ನಂಬಿಕೆ ಬಾರದಿದ್ದರೆ ಸಫೊಕ್‌ನ ಲ್ಯಾವೆನಮ್‌ಗೆ ಹೋಗಿ ನೋಡಿ. ಅಲ್ಲಿಯ ಮಾರುಕಟ್ಟೆ ಚೌಕದ ಗಿಲ್ಡ್‌ಹಾಲ್ 1530ರ ಆಸುಪಾಸಿನದು. ಮರ ಬೂದು, ಗೋಡೆ ಸುಣ್ಣ. ಸುತ್ತಲಿನ ಮನೆಗಳು ಗುಲಾಬಿ, ಕೇಸರಿ, ಮೊಸರಿನ ಬಿಳಿ. ಅದರ ಎದುರು ಚೆಸ್ಟರಿನ ನಟ್ಟನಡುವಿನ ಬೀದಿಗಳನ್ನು ಇಟ್ಟು ನೋಡಿ. ಅಲ್ಲಿ ಶಿಲುಬೆಯ ಕೂಡುರಸ್ತೆಯ ಮೂಲೆಯಲ್ಲಿ ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಕಪ್ಪು ಬಿಳಿ ಕಟ್ಟಡ ಟಿ. ಎಂ. ಲಾಕ್‌ವುಡ್ ಎಂಬ ವಾಸ್ತುಶಿಲ್ಪಿ 1888ರಲ್ಲಿ ಕಟ್ಟಿದ್ದು. ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದರ ವಯಸ್ಸು ನಮ್ಮ ಮುತ್ತಜ್ಜಂದಿರ ಕಾಲದ್ದು.

ಮೇಲಂತಸ್ತು ಬೀದಿಯ ಮೇಲೆ ಚಾಚಿಕೊಂಡಿರುವುದೇಕೆ?

ಪೇಟೆಯಲ್ಲಿ ಜಾಗ ಇಕ್ಕಟ್ಟು, ಕೆಳಗೆ ಒತ್ತುವರಿ ಮಾಡಲಾಗದ್ದನ್ನು ಮೇಲೆ ಮಾಡಿದರು ಎಂಬ ಉತ್ತರ ಬೆಂಗಳೂರಿನವರಿಗೆ ಥಟ್ಟನೆ ಅರ್ಥವಾಗುತ್ತದೆ. ಅದೂ ಒಂದು ಕಾರಣವಿರಬಹುದು. ಆದರೆ ಸುತ್ತ ಎಕರೆಗಟ್ಟಲೆ ಹೊಲವಿರುವ ಹಳ್ಳಿಮನೆಗಳಲ್ಲೂ ಇದೇ ಚಾಚು ಇದೆ, ಅಲ್ಲಿ ಇಕ್ಕಟ್ಟಿನ ಮಾತು ನಿಲ್ಲುವುದಿಲ್ಲ. ಬಡಗಿಯ ಕಾರಣ ಒಂದಿದೆ. ಜಂತಿಗಳು ಗೋಡೆ ದಾಟಿ ಮುಂದೆ ಬಂದು, ಆ ತುದಿಯ ಮೇಲೆ ಮೇಲಂತಸ್ತಿನ ಗೋಡೆ ಕೂತರೆ, ಒಳಗೆ ನಡೆಯುವಾಗ ನೆಲ ತೂಗಾಡುವುದು ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯ ಬಹುಶಃ ಡೌಲು. ಎರಡು ಬೀದಿ ಸೇರುವ ಮೂಲೆ ಮನೆ ಎರಡೂ ಕಡೆ ಚಾಚಬೇಕಾದರೆ ಮೂಲೆಯಿಂದ ಓರೆಯಾಗಿ ಒಂದು ದಪ್ಪ ತೊಲೆ ಹಾಯಿಸಬೇಕು, ಅದಕ್ಕೆ ಡ್ರಾಗನ್ ತೊಲೆ ಅನ್ನುತ್ತಾರೆ. ಅದನ್ನು ಹೊರುವ ಮೂಲೆಗಂಬದಲ್ಲಿ ಕೆತ್ತನೆ ಮಾಡಿಸದ ವರ್ತಕ ಅಪರೂಪ.

ಯಾರ್ಕ್‌ನ ಶ್ಯಾಂಬಲ್ಸ್ ಬೀದಿ ಇದಕ್ಕೆ ಒಳ್ಳೆಯ ಮಾದರಿ. ಮೇಲೆ ಎರಡೂ ಕಡೆಯ ಮನೆಗಳು ಗುಟ್ಟು ಹೇಳಿಕೊಳ್ಳುವಷ್ಟು ಹತ್ತಿರ. ಕಸಾಯಿಗಳ ಬೀದಿಯಾಗಿತ್ತು ಅದು. ಮಾಂಸ ತೂಗುಹಾಕುತ್ತಿದ್ದ ಕೊಕ್ಕೆಗಳು ಕೆಲವು ಅಂಗಡಿಗಳ ಮುಂದೆ ಇನ್ನೂ ಇವೆ.

ಬಾಗಿಲುಗಳು ಇಷ್ಟು ತಗ್ಗು. ಆಗಿನವರು ಕುಳ್ಳರೇ?

ಅಷ್ಟೇನಲ್ಲ. 1545ರಲ್ಲಿ ಮುಳುಗಿದ ಎಂಟನೇ ಹೆನ್ರಿಯ ಮೇರಿ ರೋಸ್ ಹಡಗಿನಲ್ಲಿ ಸಿಕ್ಕ ನಾವಿಕರ ಅಸ್ಥಿಪಂಜರ ಅಳೆದಾಗ ಸರಾಸರಿ ಎತ್ತರ ಸುಮಾರು 5 ಅಡಿ 7 ಅಂಗುಲ ಬಂತು. ತಗ್ಗು ಬಾಗಿಲಿಗೆ ಮರ ಕಡಿಮೆ ಸಾಕು, ಕಾವೂ ಒಳಗೇ ಉಳಿಯುತ್ತದೆ. ಆಮೇಲಿನವರು ನೆಲವನ್ನು ಏರಿಸಿದ್ದೂ ಇದೆ. ತಲೆ ಜೋಪಾನ, ಅಷ್ಟೇ.

ಒಳಗೆ ಬದುಕು ಹೇಗಿತ್ತು?

ಹೊಗೆ. ಮೊದಲು ಹೇಳಬೇಕಾದ್ದು ಅದೇ. ಹಳೆಯ ಮಾದರಿಯ ಮನೆಯಲ್ಲಿ ನಡುವೆ ಸೂರಿನವರೆಗೆ ಬಯಲಾದ ಒಂದು ದೊಡ್ಡ ಹಜಾರ, ಅದರ ನೆಲದ ಮಧ್ಯದಲ್ಲಿ ಬೆಂಕಿ. ಹೊಗೆ ಮಾಡಿನ ಸಂದಿಗಳಿಂದ ಹೊರಹೋಗಬೇಕು. ಕಿಟಕಿಗಳಿಗೆ ಗಾಜಿಲ್ಲ, ನೆಟ್ಟಗಿನ ಮರದ ಸಲಾಕೆಗಳು, ಒಳಗಿನಿಂದ ಹಲಗೆ. ಪಶ್ಚಿಮ ಸಸೆಕ್ಸ್‌ನ ಸಿಂಗಲ್‌ಟನ್‌ನಲ್ಲಿರುವ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಮ್ಯೂಸಿಯಂನ ಬೇಲೀಫ್ ಎಂಬ ತೋಟದ ಮನೆಯಲ್ಲಿ ಆ ಬೆಂಕಿಯ ಜಾಗ ಹಾಗೆಯೇ ಇದೆ. ಒಳಗೆ ಕಾಲಿಟ್ಟರೆ ಬಟ್ಟೆಗೆ ಹೊಗೆ ವಾಸನೆ ಹತ್ತಿ, ಕಾರಿನಲ್ಲಿ ಮನೆಯವರೆಗೂ ಬಂತು.

16ನೇ ಶತಮಾನದಲ್ಲಿ ಇದೆಲ್ಲ ಬದಲಾಯಿತು. ಎಸೆಕ್ಸ್‌ನ ರಾಡ್‌ವಿಂಟರ್ ಊರಿನ ಪಾದ್ರಿ ವಿಲಿಯಂ ಹ್ಯಾರಿಸನ್ ತನ್ನ ಊರಿನ ಮುದುಕರು ಬೆರಗಾಗಿ ಹೇಳುತ್ತಿದ್ದ ಮೂರು ಬದಲಾವಣೆಗಳನ್ನು 1570ರ ದಶಕದಲ್ಲಿ ಬರೆದಿಟ್ಟಿದ್ದಾನೆ: ಎಲ್ಲೆಲ್ಲೂ ಎದ್ದ ಚಿಮಣಿಗಳು, ಹುಲ್ಲಿನ ಚಾಪೆ ಹೋಗಿ ಬಂದ ಹಾಸಿಗೆ ದಿಂಬು, ಮರದ ತಟ್ಟೆ ಹೋಗಿ ಬಂದ ತವರದ ತಟ್ಟೆ. ಚಿಮಣಿ ಬಂದದ್ದೇ ತಡ, ಹಜಾರದ ನಡುವೆ ಅಟ್ಟ ಹಾಕಿ ಮೇಲೆ ಕೋಣೆ ಮಾಡಿಕೊಂಡರು. ಇಂಥ ಮನೆಯ ಅಟ್ಟ ಹತ್ತಿ ನೋಡಿದರೆ ಪಕಾಸಿಗಳ ಮೇಲೆ ಹೊಳೆಯುವ ಕಪ್ಪು ಮಸಿ ಇನ್ನೂ ಕೂತಿರುತ್ತದೆ. ಕೆಳಗೆ ಒಲೆ ಉರಿಯುತ್ತಿತ್ತು ಅನ್ನುವುದಕ್ಕೆ ಬೇರೆ ದಾಖಲೆ ಬೇಕಿಲ್ಲ.

ಗಾಜು ದುಬಾರಿ. ಚಿಕ್ಕ ಚಿಕ್ಕ ಹರಳುಗಳನ್ನು ಸೀಸದ ಪಟ್ಟಿಯಲ್ಲಿ ಕೂಡಿಸಿ ಕಿಟಕಿ ಮಾಡುತ್ತಿದ್ದರು, ದೊಡ್ಡ ಗಾಜು ಮಾಡಲು ಬರುತ್ತಿರಲಿಲ್ಲ.

ಬೆಂಕಿಗೆ ಆಹುತಿಯಾಗಲಿಲ್ಲವೇ?

ಆದವು, ಊರಿಗೆ ಊರೇ. ಚೆಷೈರ್‌ನ ನ್ಯಾಂಟ್‌ವಿಚ್ 1583ರ ಡಿಸೆಂಬರಿನಲ್ಲಿ ಹೊತ್ತಿಕೊಂಡು 20 ದಿನ ಉರಿಯಿತು. ರಾಣಿ ಎಲಿಜಬೆತ್ ತಾನೇ 1,000 ಪೌಂಡ್ ಕೊಟ್ಟು, ದೇಶದಲ್ಲೆಲ್ಲ ಚಂದಾ ಎತ್ತಿಸಿದಳು. ಊರು ಮತ್ತೆ ಎದ್ದಿತು, ಮತ್ತೆ ಮರದಲ್ಲೇ. ತೊಲೆ ಹೇರಿದ ಗಾಡಿಗಳು ಬಂದ ಬೀದಿಗೆ ಬೀಮ್ ಸ್ಟ್ರೀಟ್ ಎಂದೇ ಹೆಸರಾಯಿತು. ರಾಣಿ ಕೈ ನೀಡಿ ಈ ಊರನ್ನು ಮತ್ತೆ ಕಟ್ಟಿದಳು, ಆಕೆ ಬಹುಕಾಲ ಆಳಲಿ ಎಂಬ ಹಾರೈಕೆ ಕೆತ್ತಿದ ಮನೆ ಇವತ್ತಿಗೂ ಅಲ್ಲಿದೆ. ಸ್ಟ್ರಾಟ್‌ಫರ್ಡ್‌ಗೆ 1594, 1595ರಲ್ಲಿ ಬೆನ್ನು ಬೆನ್ನಿಗೆ ಬೆಂಕಿ ಬಿತ್ತು, ಮತ್ತೆ 1614ರಲ್ಲಿ.

ಲಂಡನ್ನಿಗೆ 1666. ಅದರ ಮರುವರ್ಷದ ಕಾನೂನು ಹೊರಗೋಡೆಗೆ ಇಟ್ಟಿಗೆ, ಕಲ್ಲು ಮಾತ್ರ ಎಂದು ಕಟ್ಟಳೆ ಮಾಡಿತು. ಹಾಗಾಗಿಯೇ ಲಂಡನ್ನಿನ ನಡುವೆ ಈಗ ಇಂಥ ಮನೆ ಹುಡುಕುವುದು ಕಷ್ಟ. ಚಾನ್ಸರಿ ಲೇನ್ ಸ್ಟೇಷನ್ನಿನಿಂದ ಮೇಲೆ ಬಂದರೆ ಎದುರಿಗೇ ಕಾಣುವ ಸ್ಟೇಪಲ್ ಇನ್ 1580ರ ದಶಕದ್ದು. 1666ರ ಬೆಂಕಿ ಅಲ್ಲಿಯವರೆಗೆ ಬರಲಿಲ್ಲ. 1944ರಲ್ಲಿ ಜರ್ಮನ್ ಹಾರುಬಾಂಬು ಬಂತು, ತುಂಬ ಹಾನಿಯಾಗಿ ಆಮೇಲೆ ಮತ್ತೆ ಕಟ್ಟಿದರು.

ಮತ್ತೆ ಕೆಲವು ಊರುಗಳು ಇಡೀ ಹಾಗೇ ಉಳಿದದ್ದು ಹೇಗೆ?

ದುಡ್ಡಿಲ್ಲದ್ದರಿಂದ. ಲ್ಯಾವೆನಮ್ 1500ರ ಸುಮಾರಿಗೆ ಇಂಗ್ಲೆಂಡಿನ ಅತಿ ಶ್ರೀಮಂತ ಊರುಗಳ ಸಾಲಿನಲ್ಲಿತ್ತು. ಅಲ್ಲಿ ನೇಯುತ್ತಿದ್ದ ನೀಲಿ ಉಣ್ಣೆ ಬಟ್ಟೆ ಹೊರದೇಶಗಳಿಗೂ ಹೋಗುತ್ತಿತ್ತು. ಆಮೇಲೆ ಕೋಲ್ಚೆಸ್ಟರಿಗೆ ಬಂದು ನೆಲೆಸಿದ ಡಚ್ ನಿರಾಶ್ರಿತರು ಹಗುರಾದ, ಅಗ್ಗದ ಬಟ್ಟೆ ನೇಯತೊಡಗಿದರು. ಲ್ಯಾವೆನಮ್‌ನ ವ್ಯಾಪಾರ ಕುಸಿಯಿತು. ಬೇರೆ ಊರುಗಳ ಸಾಹುಕಾರರು ಹಳೆಯ ಮನೆ ಕೆಡವಿ ಇಟ್ಟಿಗೆಯಲ್ಲಿ ಹೊಸ ಫ್ಯಾಷನ್ನಿನ ಮನೆ ಕಟ್ಟುವಾಗ ಇಲ್ಲಿಯವರ ಕೈಲಿ ಆಗಲಿಲ್ಲ. ಸಾಹುಕಾರರಿದ್ದ ಊರುಗಳಲ್ಲೂ ಎಲ್ಲವೂ ನೆಲಸಮವಾಗಲಿಲ್ಲ. ಜೇಬು ಚಿಕ್ಕದಿದ್ದವರು ಮರದ ಮನೆಯ ಮುಂದೆ ಇಟ್ಟಿಗೆಯ ಒಂದು ಮುಖವಾಡ ಕಟ್ಟಿ ಮರ್ಯಾದೆ ಕಾಪಾಡಿಕೊಂಡರು. ನೆಟ್ಟಗಿನ ಇಟ್ಟಿಗೆ ಮುಂಭಾಗ, ಪಕ್ಕದ ಸಂದಿಗೆ ಹೋಗಿ ನೋಡಿದರೆ ಸೊಟ್ಟ ಮರದ ಮನೆ. ಇಂಥವು ಇಂಗ್ಲೆಂಡಿನ ಪೇಟೆಬೀದಿಗಳಲ್ಲಿ ಬೇಕಾದಷ್ಟಿವೆ, ಹುಡುಕುವುದೇ ಒಂದು ಮೋಜು.

ಷೇಕ್ಸ್‌ಪಿಯರ್ ಹುಟ್ಟಿದ ಮನೆ ಅಸಲಿಯೇ?

ಹಂದರ ಹಳೆಯದು, ನೋಟ ವಿಕ್ಟೋರಿಯಾ ರಾಣಿಯ ಕಾಲದ್ದು. 19ನೇ ಶತಮಾನದ ಹೊತ್ತಿಗೆ ಅದು ಸಾಲುಮನೆಗಳ ನಡುವೆ ಸಿಕ್ಕಿಕೊಂಡು, ಒಂದು ಭಾಗ ಕಸಾಯಿ ಅಂಗಡಿ, ಇನ್ನೊಂದು ಹೆಂಡದಂಗಡಿ ಆಗಿತ್ತು. ಅಮೆರಿಕದ ಸರ್ಕಸ್ ಧಣಿ ಬಾರ್ನಮ್ ಅದನ್ನು ಬಿಚ್ಚಿ ಹಡಗಿಗೆ ಹೇರಿಕೊಂಡು ಹೋಗುತ್ತಾನಂತೆ ಎಂಬ ಗುಲ್ಲೆದ್ದಿತು. 1847ರ ಹರಾಜಿನಲ್ಲಿ 3,000 ಪೌಂಡಿಗೆ ಅದನ್ನು ದೇಶದ ಪರವಾಗಿ ಕೊಂಡರು. ಬೆಂಕಿಯ ಹೆದರಿಕೆಗೆ ಅಕ್ಕಪಕ್ಕದ ಮನೆಗಳನ್ನು ಕೆಡವಿ, 1769ರ ಒಂದು ಚಿತ್ರ ನೋಡಿಕೊಂಡು ಮುಂಭಾಗವನ್ನು ಮರಳಿ ರೂಪಿಸಿದರು. ಒಂಟಿಯಾಗಿ ನಿಂತ ಮನೆಯ ಫೋಟೋ ನಿಮ್ಮ ಮೊಬೈಲಿನಲ್ಲಿದೆಯಲ್ಲ, ಷೇಕ್ಸ್‌ಪಿಯರ್ ಅದನ್ನು ಹಾಗೆ ನೋಡಿರಲಿಲ್ಲ.

ಇಡೀ ಮನೆಯನ್ನು ನಿಜವಾಗಿ ಬೇರೆಡೆಗೆ ಒಯ್ಯಬಹುದೇ?

ಜೋಡಿಸಿದ್ದನ್ನು ಬಿಚ್ಚಬಹುದು. ಮೇಲೆ ಹೇಳಿದ ಬೇಲೀಫ್ ಮನೆ ಮೂಲತಃ ಕೆಂಟ್‌ನ ಚಿಡಿಂಗ್‌ಸ್ಟೋನ್‌ನಲ್ಲಿತ್ತು. ಜಲಾಶಯ ಕಟ್ಟುವಾಗ 1960ರ ದಶಕದ ಕೊನೆಗೆ ಗೂಟ ಕಿತ್ತು, ತೊಲೆಗಳಿಗೆ ನಂಬರು ಹಾಕಿ, ಮ್ಯೂಸಿಯಂನಲ್ಲಿ ಮತ್ತೆ ಎತ್ತಿ ನಿಲ್ಲಿಸಿದರು. ಎಕ್ಸೆಟರ್‌ನವರು ಬಿಚ್ಚುವ ಗೋಜಿಗೂ ಹೋಗಲಿಲ್ಲ. 1961ರಲ್ಲಿ ಹೊಸ ರಸ್ತೆಗೆ ಅಡ್ಡ ಬಂದ ಒಬ್ಬ ವರ್ತಕನ ಮನೆಗೆ ಸುತ್ತ ದಿಮ್ಮಿಗಳ ಪಂಜರ ಕಟ್ಟಿ, ಅಡಿಗೆ ಗಾಲಿ ಕೊಟ್ಟು, ಏರು ಬೀದಿಯಲ್ಲಿ ಸುಮಾರು 70 ಮೀಟರು ಎಳೆದುಕೊಂಡು ಹೋದರು. ತೂಕ 21 ಟನ್ನಿಗೂ ಮೇಲೆ. 'ಸರಿದ ಮನೆ' ಎಂಬ ಅರ್ಥದ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಹಾಗೆ ಎಳೆದಾಗಲೂ ಸಂಧಿಗಳು ಬಿಡಲಿಲ್ಲ.

ಒಂದು ಮನೆ ಯಾವ ವರ್ಷದ್ದೆಂದು ಹೇಗೆ ಹೇಳುತ್ತಾರೆ?

ತೊಲೆಯಿಂದ ಪೆನ್ಸಿಲ್ ಗಾತ್ರದ ಒಂದು ತಿರುಳು ಕೊರೆದು ತೆಗೆದು, ಮರದ ಬಳೆಗಳನ್ನು ಎಣಿಸಿ ಅಳೆಯುತ್ತಾರೆ. ಮಳೆ ಚೆನ್ನಾದ ವರ್ಷ ಬಳೆ ಅಗಲ, ಬರ ಬಂದ ವರ್ಷ ಕಿರಿದು. ಅಗಲ ಕಿರಿದುಗಳ ಸಾಲು ಬೆರಳಚ್ಚಿನಂತೆ, ಒಂದು ಕಾಲದ್ದು ಇನ್ನೊಂದು ಕಾಲಕ್ಕೆ ಹೊಂದುವುದಿಲ್ಲ. ಚೇಗಿನ ಹೊರಗಿನ ಬಿಳಿ ಮರ ತೊಗಟೆಯ ಅಂಚಿನವರೆಗೆ ಉಳಿದಿದ್ದರೆ, ಮರ ಕಡಿದದ್ದು ಯಾವ ವರ್ಷದ ಚಳಿಗಾಲ ಅನ್ನುವಷ್ಟು ಖಚಿತ. ಹಸಿಯಲ್ಲೇ ಕಟ್ಟುತ್ತಿದ್ದುದರಿಂದ ಕಡಿದ ವರ್ಷವೇ ಹೆಚ್ಚುಕಮ್ಮಿ ಕಟ್ಟಿದ ವರ್ಷ. ಬಾಗಿಲ ಮೇಲೆ ಕೆತ್ತಿದ ಇಸವಿಯನ್ನು ಮಾತ್ರ ಪೂರ್ತಿ ನಂಬಬೇಡಿ, ದುರಸ್ತಿ ಮಾಡಿಸಿದವರೂ ಇಸವಿ ಕೆತ್ತಿಸಿಕೊಂಡಿದ್ದಾರೆ.

ಇಂಥ ಮನೆ ಕೊಳ್ಳಬಹುದೇ?

ಕೊಳ್ಳಬಹುದು, ಕೊಂಡ ಕನ್ನಡಿಗರೂ ಇದ್ದಾರೆ. ಕಣ್ಣು ತೆರೆದು ಕೊಳ್ಳಿ. 1700ಕ್ಕೆ ಮೊದಲಿನ, ಮೂಲ ರೂಪ ಗಣನೀಯವಾಗಿ ಉಳಿದಿರುವ ಕಟ್ಟಡ ಸಾಮಾನ್ಯವಾಗಿ ಸಂರಕ್ಷಿತ ಪಟ್ಟಿಯಲ್ಲಿರುತ್ತದೆ. ಪಟ್ಟಿಯಲ್ಲಿ ಮೂರು ದರ್ಜೆ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗ್ರೇಡ್ 2. ಗ್ರೇಡ್ 2 ಅಂದರೆ ಸಡಿಲ ಅಂತಲ್ಲ. ಕಿಟಕಿ ಬದಲಿಸಲು, ಒಳಗಿನ ಒಂದು ತಡಿಕೆ ತೆಗೆಯಲು ಕೂಡ ಸ್ಥಳೀಯ ಕೌನ್ಸಿಲಿನ ಒಪ್ಪಿಗೆ ಬೇಕಾಗಬಹುದು. ಕೇಳದೆ ಮಾಡಿದರೆ ಅದು ಕ್ರಿಮಿನಲ್ ಅಪರಾಧ. ಹಿಂದಿನ ಮಾಲೀಕರು ಒಪ್ಪಿಗೆಯಿಲ್ಲದೆ ಮಾಡಿದ್ದನ್ನು ಸರಿಪಡಿಸುವ ಹೊಣೆಯೂ ನಿಮ್ಮ ತಲೆಗೆ ಬರುತ್ತದೆ, ವಕೀಲರಿಗೆ ಮೊದಲೇ ಹೇಳಿ ವಿಚಾರಿಸಿ.

ಸರ್ವೆ ಮಾಡಿಸುವಾಗ ಹಳೆಯ ಮರದ ಮನೆ ಗೊತ್ತಿರುವವರನ್ನೇ ಹಿಡಿಯಿರಿ. ನಮ್ಮ ಪರಿಚಯದವರೊಬ್ಬರ ಮನೆಯಲ್ಲಿ ಹೊರಗೋಡೆ ಬಲು ಚೊಕ್ಕಟ, ಬಿರುಕಿಲ್ಲ. ಎರಡು ಮಳೆಗಾಲ ಕಳೆದು ಒಂದು ಮೂಲೆಯ ಗಿಲಾವು ಕಿತ್ತರೆ, ಒಳಗಿನ ಅಡಿತೊಲೆಯನ್ನು ಬೆರಳಿಂದಲೇ ಕೆದಕಿ ತೆಗೆಯಬಹುದಿತ್ತು, ಒದ್ದೆ ಚಹಾಪುಡಿಯ ಹಾಗೆ. ಯಾವ ಕಾಲದಲ್ಲೋ ಯಾರೋ ಸಿಮೆಂಟು ಮೆತ್ತಿದ್ದರು. ಮರ ಉಸಿರಾಡಬೇಕು. ಮಣ್ಣು, ಸುಣ್ಣದ ಗಾರೆ ನೀರು ಕುಡಿದರೂ ಬಿಸಿಲಿಗೆ ಬಿಟ್ಟುಕೊಡುತ್ತವೆ. ಸಿಮೆಂಟು ಬಿರುಕಿನಿಂದ ನೀರನ್ನು ಒಳಗೆ ಬಿಟ್ಟುಕೊಂಡು ಹೊರಗೆ ಬಿಡುವುದಿಲ್ಲ. ವಿಲಿಯಂ ಮಾರಿಸ್ 1877ರಲ್ಲಿ ಕಟ್ಟಿದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ ಈಗಲೂ ಇದೇ ಬುದ್ಧಿವಾದವನ್ನು ಹೇಳುತ್ತಿದೆ: ಸುಣ್ಣ ಬಳಸಿ, ಸೋರಿಕೆ ಬೇಗ ಸರಿಮಾಡಿ, ಉಳಿದದ್ದನ್ನು ಆದಷ್ಟು ಮುಟ್ಟಬೇಡಿ.

ರಾತ್ರಿ ಗೋಡೆಯೊಳಗೆ ಟಕ್ ಟಕ್ ಸದ್ದು ಬರುತ್ತದೆ. ದೆವ್ವವೇ?

ಹುಳು. ಡೆತ್‌ವಾಚ್ ಬೀಟಲ್. ವಸಂತದಲ್ಲಿ, ಏಪ್ರಿಲ್‌ನಿಂದ ಜೂನ್‌ವರೆಗೆ, ಜೊತೆ ಹುಡುಕುತ್ತ ತಲೆಯನ್ನು ಮರಕ್ಕೆ ಕುಟ್ಟುತ್ತದೆ. ಸಾಯುವವರ ಪಕ್ಕ ರಾತ್ರಿಯಿಡೀ ಎದ್ದು ಕೂತವರ ಕಿವಿಗೆ ಬಿದ್ದು ಆ ಅಪಶಕುನದ ಹೆಸರು ಬಂತು. ಒಣ, ಗಟ್ಟಿ ಓಕ್ ಅದಕ್ಕೆ ಹಿಡಿಸುವುದಿಲ್ಲ. ಒದ್ದೆಯಾಗಿ ಬೂಸ್ಟು ಹಿಡಿದ ಮರ ಬೇಕು. ಔಷಧಿ ಹೊಡೆಯುವವರನ್ನು ಕರೆಸುವ ಮೊದಲು ಮಾಡು ಎಲ್ಲಿ ಸೋರುತ್ತಿದೆ ನೋಡಿ.

ಒಲೆಯ ತೊಲೆಯ ಮೇಲೆ ಹೂವಿನಂಥ ಗೀರುಗಳಿವೆ, ಏನು?

ದೃಷ್ಟಿಗೆ ಕಟ್ಟಿದ ಕಾವಲು. ಕೈವಾರ ಹಿಡಿದು ಎಳೆದ ಆರು ದಳದ ಹೂವು, ಒಂದರ ಮೇಲೊಂದು ಹಾಯ್ದ ಎರಡು 'ವಿ' ಅಕ್ಷರ, ಉರಿಯುವ ಬತ್ತಿ ಒತ್ತಿ ಮಾಡಿದ ಹನಿಯಾಕಾರದ ಸುಟ್ಟ ಕಲೆ. ಮಾಟಗಾತಿ, ಕೆಟ್ಟ ಗಾಳಿ ಚಿಮಣಿಯಿಂದಲೋ ಬಾಗಿಲಿಂದಲೋ ಬರುತ್ತದೆಂಬ ಭಯಕ್ಕೆ ಅಲ್ಲಲ್ಲೇ ಇವು. ಚಿಮಣಿಯ ಗೂಡಿನಲ್ಲಿ ಸವೆದ ಹಳೆಯ ಶೂ ಬಚ್ಚಿಟ್ಟದ್ದೂ ಸಿಗುತ್ತದೆ. ನಾರ್ಥಾಂಪ್ಟನ್ ಮ್ಯೂಸಿಯಂ ಇಂಥ ಬಚ್ಚಿಟ್ಟ ಶೂಗಳದ್ದೇ ಒಂದು ಪಟ್ಟಿ ಇಟ್ಟಿದೆ. ನಮ್ಮೂರ ಲಾರಿಗಳ ಹಿಂದೆ ಹಳೆ ಚಪ್ಪಲಿ ತೂಗುವುದನ್ನು ನೋಡಿದವರಿಗೆ ವಿವರಣೆ ಬೇಕಿಲ್ಲ.

ನಮ್ಮ ಬೀದಿಯಲ್ಲೂ ಕಪ್ಪು ಬಿಳಿ ಮನೆಗಳಿವೆ. ಅವೂ ಟ್ಯೂಡರ್ ಕಾಲದವೇ?

ಹೆಚ್ಚಾಗಿ 1920-30ರ ದಶಕದವು. ಇಟ್ಟಿಗೆ ಗೋಡೆಗೆ ಹಲಗೆ ಬಡಿದು ಕಪ್ಪು ಬಳಿದದ್ದು. ಪತ್ತೆ ಹಚ್ಚುವುದು ಸುಲಭ. ಮರ ಗೋಡೆಗಿಂತ ತೆಳುವಾಗಿ ಮೇಲೆ ಅಂಟಿಕೊಂಡಿದೆಯೇ, ಎಲ್ಲ ಪಟ್ಟಿಯೂ ಒಂದೇ ಅಗಲವೇ, ಸಂಧಿಗಳಲ್ಲಿ ಗೂಟದ ತಲೆ ಕಾಣುವುದಿಲ್ಲವೇ? ಹಾಗಾದರೆ ಅದು ವೇಷ. ಈ ವೇಷ ನಮ್ಮ ದೇಶಕ್ಕೂ ಬಂದಿತ್ತು, ಶಿಮ್ಲಾದ ಮಾಲ್ ರಸ್ತೆಯಲ್ಲಿ ಓಡಾಡಿದವರು ನೋಡಿರುತ್ತೀರಿ.

ಒಂದೇ ದಿನ ಇದೆ. ಯಾವುದನ್ನು ನೋಡಲಿ?

ಚೆಷೈರ್‌ನ ಕಾಂಗಲ್‌ಟನ್ ಬಳಿಯ ಲಿಟಲ್ ಮೋರ್ಟನ್ ಹಾಲ್. ಸುತ್ತ ಕಂದಕ, ನಡುವೆ ಯಾರೋ ಒಂದರ ಮೇಲೊಂದು ಪೇರಿಸಿಟ್ಟು ಮರೆತುಹೋದ ಹಾಗೆ ಮನೆ. 16ನೇ ಶತಮಾನದ ಆರಂಭದಲ್ಲಿ ಮೋರ್ಟನ್ ಮನೆತನ ಶುರುಮಾಡಿ, ಮೂರು ತಲೆಮಾರು ಸೇರಿಸುತ್ತ ಹೋಗಿ, 1610ರ ಹೊತ್ತಿಗೆ ಕೈಬಿಟ್ಟರು. 1938ರಿಂದ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಎಲ್ಲಕ್ಕಿಂತ ಮೇಲೆ, ಆಮೇಲೆ ಹೊಳೆದವರಂತೆ 68 ಅಡಿ ಉದ್ದದ ಒಂದು ಪಡಸಾಲೆ ಏರಿಸಿ, ಅದರ ಮೇಲೆ ಕಲ್ಲಿನ ಹಲಗೆಗಳ ಮಾಡು ಹೊದಿಸಿದ್ದಾರೆ. ಆ ಭಾರಕ್ಕೆ ಕೆಳಗಿನದೆಲ್ಲ ಬಾಗಿದೆ. ಪಡಸಾಲೆಯ ನೆಲದ ಮೇಲೆ ನಡೆದರೆ ಅಲೆಯ ಮೇಲೆ ಕಾಲಿಟ್ಟ ಹಾಗೆ. ತೆರೆದಿರುವ ದಿನಗಳನ್ನು ಮೊದಲೇ ನೋಡಿಕೊಳ್ಳಿ, ಚಳಿಗಾಲದಲ್ಲಿ ಬಾಗಿಲು ಹಾಕಿರುವುದೇ ಹೆಚ್ಚು.

ಅಂಗಳಕ್ಕೆ ಬಂದ ಮೇಲೆ ಎದುರಿನ ದೊಡ್ಡ ಕಿಟಕಿಗಳ ಮೇಲ್ಭಾಗ ನೋಡಿ. ಒಂದು ಸಾಲಿನಲ್ಲಿ ಈ ಕಿಟಕಿಗಳನ್ನು ವಿಲಿಯಂ ಮೋರ್ಟನ್ 1559ರಲ್ಲಿ ಮಾಡಿಸಿದ ಎಂದಿದೆ. ದುಡ್ಡು ಕೊಟ್ಟವನ ಹೆಸರು ಎಲ್ಲ ಕಡೆಯೂ ಇರುತ್ತದೆ, ಬಿಡಿ. ಅದರ ಪಕ್ಕದಲ್ಲೇ ಇನ್ನೊಂದು ಸಾಲು: ದೇವರ ಕೃಪೆಯಿಂದ ಇವನ್ನು ಮಾಡಿದವನು ಬಡಗಿ ರಿಚರ್ಡ್ ಡೇಲ್. 'ಕಾರ್ಪೆಂಟರ್' ಎಂದು ಬರೆಯಬೇಕಾದಲ್ಲಿ 'ಕಾರ್ಪೆಡರ್' ಎಂದಿದೆ.